ಒಂದು ಹನಿ ರಕ್ತ, 20 ನಿಮಿಷ

ಮಲೆನಾಡಿನ ಒಂದು ಊರಿನ ಗ್ರಂಥಾಲಯದಲ್ಲಿ ಆಶಾ ಕಾರ್ಯಕರ್ತೆಯರು, ಪಿಯು ವಿದ್ಯಾರ್ಥಿಗಳು, ಊರಿನ ಹಿರಿಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೇಳಿದವರ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿದೆ. ಹಿಂದೆ ಕೂತವರಿಗೆ ಸರಿಯಾಗಿ ಕೇಳದಿದ್ದರೆ ದಯವಿಟ್ಟು ಮುಂದೆ ಬನ್ನಿ.

ನನ್ನ ಕೈಯಲ್ಲಿರುವುದು ಗಾಜಿನ ಟ್ಯೂಬು. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ ವೈದ್ಯರು ಇಂಥ ಟ್ಯೂಬಿಗೆ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ನಿಲ್ಲಿಸುತ್ತಾರೆ. ಆಮೇಲೆ ಮೆಲ್ಲಗೆ ವಾಲಿಸುತ್ತಾರೆ. ರಕ್ತ ಹೆಪ್ಪುಗಟ್ಟಿದ್ದರೆ ಒಂದು ಲೆಕ್ಕ. ನೀರಿನ ಹಾಗೆ ಹರಿದರೆ ಇನ್ನೊಂದು ಲೆಕ್ಕ. ಹರಿಯಿತು ಅಂದರೆ ಕೊಳಕುಮಂಡಲದಂಥ ಹಾವಿನ ವಿಷ ಒಳಗೆ ಸೇರಿ, ರಕ್ತಕ್ಕೆ ಹೆಪ್ಪುಗಟ್ಟುವ ಶಕ್ತಿಯೇ ಇಲ್ಲದ ಹಾಗೆ ಮಾಡಿದೆ ಎಂದು ಅರ್ಥ. ತಕ್ಷಣ ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಮದ್ದು, ಶುರು ಮಾಡುತ್ತಾರೆ.

ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ನನ್ನ ಸೋದರಮಾವನಿಗೆ ತೋಟದಲ್ಲಿ ಹಾವು ಕಚ್ಚಿತು. ಸಂಜೆ ಹೊತ್ತು. ಯಾವ ಹಾವು ಎಂದು ಅವರು ನೋಡಿರಲಿಲ್ಲ. ಆ 20 ನಿಮಿಷ ನಾನು ಬೆಂಚಿನ ಮೇಲೆ ಕೂತು ಟ್ಯೂಬನ್ನೇ ನೋಡುತ್ತಿದ್ದೆ. ಮಾವ ಉಳಿದರು. ಆದರೆ ಆ ಟ್ಯೂಬು ನನ್ನ ತಲೆಯಿಂದ ಹೋಗಲಿಲ್ಲ. ರಕ್ತ ಪರೀಕ್ಷೆಯ ಸಾಧನ ಮಾಡುವ ಈ ಕೆಲಸಕ್ಕೆ ನಾನು ಬಂದದ್ದೇ ಅದರಿಂದ.

ಇದು ಬಹಳ ಒಳ್ಳೆಯ ಪರೀಕ್ಷೆ. ಕರೆಂಟು ಬೇಡ, ಫ್ರಿಜ್ಜು ಬೇಡ, ಯಂತ್ರ ಬೇಡ. ಆದರೆ ಇದು ವಿಷವನ್ನು ನೋಡುವುದಿಲ್ಲ, ವಿಷ ಮಾಡಿದ ಹಾನಿಯನ್ನು ನೋಡುತ್ತದೆ. ಅದೂ ಒಂದು ಬಗೆಯ ಹಾನಿಯನ್ನು ಮಾತ್ರ. ನಾಗರಹಾವು, ಕಟ್ಟುಹಾವುಗಳ ವಿಷ ಮುಖ್ಯವಾಗಿ ನರಗಳ ಮೇಲೆ ಕೆಲಸ ಮಾಡುತ್ತದೆ. ಅವು ಕಚ್ಚಿದಾಗ ಟ್ಯೂಬಿನಲ್ಲಿ ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟಬಹುದು. ಅತ್ತ ರೋಗಿಯ ಕಣ್ಣುರೆಪ್ಪೆ ಇಳಿಯುತ್ತಾ ಬರುತ್ತದೆ. ಮಾತು ತೊದಲುತ್ತದೆ. ಕೊನೆಗೆ ಉಸಿರಾಡುವ ಸ್ನಾಯುಗಳೇ ಸೋಲುತ್ತವೆ. ಕಟ್ಟುಹಾವಂತೂ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಇರುವುದಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ.

ವಿಷವನ್ನೇ ನೋಡುವ ಪರೀಕ್ಷೆ ಬೇಕು. ಒಂದು ಹನಿ ರಕ್ತ ಸಾಕಾಗಬೇಕು. ಇದೇ 20 ನಿಮಿಷದಲ್ಲಿ, ಮಂಚದ ಪಕ್ಕದಲ್ಲೇ ಮುಗಿಯಬೇಕು. ಅದು ಯಾಕೆ ಸಾಧ್ಯ, ಎಲ್ಲಿ ಕಷ್ಟ ಎಂದು ಹೇಳಲು ಬಂದಿದ್ದೇನೆ.

ಮೊದಲು ಆಂಟಿಬಾಡಿ. ಪತ್ರಿಕೆಗಳಲ್ಲಿ ಪ್ರತಿಕಾಯ ಎಂದು ಬರೆಯುತ್ತಾರೆ. ಹೊರಗಿನ ವಸ್ತು ಮೈಗೆ ಹೊಕ್ಕಾಗ ದೇಹ ತಯಾರಿಸುವ ಪ್ರೋಟೀನ್ ಇದು. ಕವಣೆಗೆ ಕಡಿದ ಕವಲು ಕೋಲಿನ ಆಕಾರ. ಮೇಲಿನ ಎರಡು ತುದಿಗಳು ಎರಡು ಕೈಗಳಿದ್ದ ಹಾಗೆ. ಒಂದು ಆಂಟಿಬಾಡಿಯ ಕೈಗೆ ಒಂದೇ ವಸ್ತುವಿನ ಹಿಡಿತ ಗೊತ್ತು. ಡೆಂಗಿ ವೈರಸ್ಸನ್ನು ಹಿಡಿಯುವುದು ಸಿಫಿಲಿಸ್ ರೋಗಾಣುವನ್ನು ಹಿಡಿಯುವುದಿಲ್ಲ. ಈ ಗುಣದಿಂದಲೇ ಅದು ಎರಡು ಥರ ನಮ್ಮ ಕೆಲಸಕ್ಕೆ ಬರುತ್ತದೆ. ಒಂದು, ರೋಗಿಯ ರಕ್ತದಲ್ಲಿ ಯಾವ ಆಂಟಿಬಾಡಿ ಇದೆ ಎಂದು ಹುಡುಕಿದರೆ ಯಾವ ರೋಗ ಬಂದಿದೆ ಎಂದು ತಿಳಿಯುತ್ತದೆ. ಎರಡು, ನಾವೇ ತಯಾರಿಸಿದ ಆಂಟಿಬಾಡಿಯನ್ನು ಗಾಳದ ಹಾಗೆ ಬಳಸಿ ರಕ್ತದಲ್ಲಿರುವ ವಿಷವನ್ನು ಹಿಡಿಯಬಹುದು.

ಈ ಎರಡು ಹುಡುಕಾಟಗಳಿಗೆ ಗಡಿಯಾರ ಬೇರೆ ಬೇರೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನ ಜಾಸ್ತಿ ಎಡವುತ್ತಾರೆ. ಆಂಟಿಬಾಡಿ ತಯಾರಾಗಲು ದೇಹಕ್ಕೆ ದಿನಗಳು ಬೇಕು. ನಿಮ್ಮಲ್ಲಿ ಎಷ್ಟೋ ಜನ ಡೆಂಗಿ ರಿಪೋರ್ಟು ನೋಡಿದ್ದೀರಿ. ಜ್ವರದ ಮೊದಲ ದಿನಗಳಲ್ಲಿ ಎನ್‌ಎಸ್‌-1 ಪಾಸಿಟಿವ್, ಐಜಿಎಂ ನೆಗೆಟಿವ್ ಎಂದು ಬರುತ್ತದೆ. ಎನ್‌ಎಸ್‌-1 ವೈರಸ್ಸಿನದೇ ಪ್ರೋಟೀನ್. ಐಜಿಎಂ ನಮ್ಮ ದೇಹದ ಆಂಟಿಬಾಡಿ. ಅದು ಕಾಣಿಸಿಕೊಳ್ಳುವುದು ಸುಮಾರು ಐದನೇ ದಿನದ ಹೊತ್ತಿಗೆ. ನಮ್ಮ ಜಿಲ್ಲೆಯವರಿಗೆ ಮಂಗನ ಕಾಯಿಲೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ. ಅದರಲ್ಲೂ ಇದೇ ಕಥೆ. ಶುರುವಿನ ದಿನಗಳಲ್ಲಿ ವೈರಸ್ಸನ್ನೇ ಹುಡುಕಬೇಕು, ಆಂಟಿಬಾಡಿ ಹುಡುಕುವುದು ಆಮೇಲೆ. ಹಾಗಾಗಿ ಎರಡನೇ ದಿನ ಆಂಟಿಬಾಡಿ ನೆಗೆಟಿವ್ ಬಂತು ಎಂದು ನಿಶ್ಚಿಂತೆಯಿಂದ ಮನೆಗೆ ಹೋಗಬಾರದು.

ವಿಷದ ಗಡಿಯಾರ ಇನ್ನೂ ಕಠಿಣ. ಬಾಟುಲಿನಮ್ ಎಂಬ ವಿಷ ಇದೆ. ಕೆಟ್ಟ ಡಬ್ಬಿ ಆಹಾರದಲ್ಲಿ ಒಂದು ಬ್ಯಾಕ್ಟೀರಿಯಾ ತಯಾರಿಸುವ ವಿಷ. ಅದು ನೇರವಾಗಿ ರಕ್ತಕ್ಕೆ ಸೇರಿದರೆ ಒಂದು ಗ್ರಾಂನ ಕೋಟಿಯಲ್ಲಿ ಒಂದು ಪಾಲು ದೊಡ್ಡವರೊಬ್ಬರನ್ನು ಕೊಲ್ಲಲು ಸಾಕು. ದೇಹ ಗುರುತಿಸಿ ಆಂಟಿಬಾಡಿ ಮಾಡುವಷ್ಟೂ ಪ್ರಮಾಣ ಅಲ್ಲ ಅದು. ಅಂದರೆ ಇಲ್ಲಿ ಹುಡುಕಲು ಆಂಟಿಬಾಡಿಯೇ ಇರುವುದಿಲ್ಲ. ವಿಷವನ್ನೇ ಹಿಡಿಯಬೇಕು, ಅದೂ ಅಷ್ಟು ಕಡಿಮೆ ಇರುವಾಗ, ಗಂಟೆಗಳೊಳಗೆ. ಇದಕ್ಕೆ ಬಹಳ ಕಾಲದಿಂದ ಪ್ರಮಾಣವೆಂದು ಒಪ್ಪಿದ ಪರೀಕ್ಷೆ ಯಾವುದು ಗೊತ್ತಾ? ರೋಗಿಯ ರಕ್ತದ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು, ಇಲಿಗಳಿಗೆ ಚುಚ್ಚಿ ಅವು ಸಾಯುತ್ತವೆಯೇ ಎಂದು ನಾಲ್ಕು ದಿನದವರೆಗೆ ಕಾಯುವುದು. ಅಷ್ಟು ದಿನ ರೋಗಿ ಕಾಯಬೇಕಲ್ವಾ?

ಸರಿ, ಲ್ಯಾಬಿನಲ್ಲಿ ಆಂಟಿಬಾಡಿ ಪರೀಕ್ಷೆ ಹೇಗೆ ಮಾಡುತ್ತಾರೆ? ಎಲೈಸಾ ಎಂಬ ಹೆಸರು ಕೇಳಿದ್ದೀರಿ. 1971ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಈವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಇದನ್ನು ಪ್ರಕಟಿಸಿದರು. ಅದೇ ಹೊತ್ತಿಗೆ ನೆದರ್‌ಲ್ಯಾಂಡ್ಸ್‌ನಲ್ಲೂ ಒಂದು ತಂಡ ಅದೇ ದಾರಿ ಹಿಡಿದಿತ್ತು. ಅದಕ್ಕೂ ಮೊದಲು ಅಮೆರಿಕದಲ್ಲಿ ರೋಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ ವಿಕಿರಣ ಸೂಸುವ ವಸ್ತು ಬಳಸಿ ರಕ್ತದ ಇನ್ಸುಲಿನ್ ಅಳೆಯುವ ದಾರಿ ಮಾಡಿಕೊಟ್ಟಿದ್ದರು. ಯಾಲೋಗೆ 1977ರಲ್ಲಿ ನೊಬೆಲ್ ಬಂತು. ಅವರಿಬ್ಬರೂ ಆ ವಿಧಾನಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಈ ಮಾತನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಜಗತ್ತಿನ ಎಲ್ಲಾ ಆಸ್ಪತ್ರೆಗಳಿಗೂ ಅದು ಸುಲಭವಾಗಿ ತಲುಪಲು ಅದೂ ಒಂದು ಕಾರಣ.

ಎಲೈಸಾದಲ್ಲಿ 96 ಕುಳಿಗಳ ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಪಡ್ಡಿನ ಕಾವಲಿಯನ್ನು ಅಂಗೈ ಅಗಲಕ್ಕೆ ಕುಗ್ಗಿಸಿದ ಹಾಗೆ. ಕುಳಿಯ ತಳಕ್ಕೆ ರೋಗಾಣುವಿನ ಪ್ರೋಟೀನ್ ಅಂಟಿಸಿರುತ್ತಾರೆ. ರೋಗಿಯ ಸೀರಮ್ ಹಾಕಿ ಕಾಯುತ್ತಾರೆ. ಆಂಟಿಬಾಡಿ ಇದ್ದರೆ ಬಂದು ಹಿಡಿದುಕೊಳ್ಳುತ್ತದೆ. ತೊಳೆಯುತ್ತಾರೆ. ಆ ಆಂಟಿಬಾಡಿಯನ್ನು ಹಿಡಿಯುವ ಇನ್ನೊಂದು ಆಂಟಿಬಾಡಿ ಹಾಕುತ್ತಾರೆ. ಇದಕ್ಕೆ ಬಣ್ಣ ಬರಿಸುವ ಕಿಣ್ವದ ಬಾಲ ಕಟ್ಟಿರುತ್ತಾರೆ. ಮತ್ತೆ ಕಾಯುತ್ತಾರೆ, ಮತ್ತೆ ತೊಳೆಯುತ್ತಾರೆ. ಕೊನೆಗೆ ಬಣ್ಣದ ದ್ರಾವಣ. ಬಣ್ಣ ಬಂದರೆ ಆಂಟಿಬಾಡಿ ಇದೆ. ಎಲ್ಲಾ ಸೇರಿ ಮೂರು ನಾಲ್ಕು ಗಂಟೆ. ವಿಷ ಹುಡುಕುವುದಾದರೆ ತಳದಲ್ಲಿ ಒಂದು ಆಂಟಿಬಾಡಿ, ಮೇಲೊಂದು ಆಂಟಿಬಾಡಿ, ನಡುವೆ ಸಿಕ್ಕಿಬಿದ್ದ ವಿಷ.

ಯಾಕೆ ಅಷ್ಟು ಹೊತ್ತು? ಹಿಡಿಯುವ ಕೆಲಸ ನಿಧಾನವೆಂದಲ್ಲ. ಬಂದು ತಲುಪುವುದೇ ನಿಧಾನ. ಆಂಟಿಬಾಡಿಗೆ ತಾನು ಎಲ್ಲಿಗೆ ಹೋಗಬೇಕೆಂದು ಗೊತ್ತಿರುವುದಿಲ್ಲ. ಸುತ್ತಲಿನ ನೀರಿನ ಕಣಗಳು ತಳ್ಳಿದ ಕಡೆ ಹೋಗುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿ ಸಂತೆಯ ನಡುವೆ ಬಿಟ್ಟ ಹಾಗೆ. ಹೀಗೆ ಅಲೆಯುತ್ತಾ 1 ಮಿಲಿಮೀಟರ್ ದಾಟಲು ಅದಕ್ಕೆ ಸುಮಾರು ಮೂರೂವರೆ ಗಂಟೆ ಬೇಕು. ಅದೇ ಗೋಡೆಯನ್ನು ಹತ್ತು ಪಟ್ಟು ಹತ್ತಿರ ತಂದರೆ, ಅಂದರೆ 0.1 ಮಿಲಿಮೀಟರಿಗೆ ತಂದರೆ, ಎಷ್ಟು ಹೊತ್ತು? ಹತ್ತನೇ ಒಂದು ಪಾಲು ಎಂದು ಈಗ ಎಲ್ಲರೂ ಹೇಳಿದಿರಿ. ಅಲ್ಲ. ನೂರನೇ ಒಂದು ಪಾಲು. ಎರಡು ನಿಮಿಷ ಚಿಲ್ಲರೆ. ದೂರ ಹತ್ತು ಪಟ್ಟು ಕಡಿಮೆಯಾದರೆ ಸಮಯ ನೂರು ಪಟ್ಟು ಕಡಿಮೆಯಾಗುತ್ತದೆ.

ನಮ್ಮ ಇಡೀ ವಿದ್ಯೆ ನಿಂತಿರುವುದು ಈ ಲೆಕ್ಕದ ಮೇಲೆ. ಮೈಕ್ರೋಫ್ಲೂಯಿಡಿಕ್ಸ್ ಎಂದು ಹೆಸರು ದೊಡ್ಡದು. ಮಾಡುವುದು ಇಷ್ಟೇ: ಕೂದಲೆಳೆಯಷ್ಟು ಅಗಲದ ಕಾಲುವೆ ಕೊರೆದು ಅದರಲ್ಲಿ ರಕ್ತ, ಮದ್ದು ಹರಿಸುವುದು. ಅಗಲ, ಆಳ 0.1 ಮಿಲಿಮೀಟರ್, ಉದ್ದ ಒಂದು ಸೆಂಟಿಮೀಟರ್ ಇರುವ ಕಾಲುವೆ ತುಂಬಲು 0.1 ಮೈಕ್ರೋಲೀಟರ್ ಸಾಕು. ಬೆರಳು ಚುಚ್ಚಿದಾಗ ಬರುವ ಒಂದು ಹನಿಯಿಂದ ಇಂಥ ಮುನ್ನೂರು ಕಾಲುವೆ ತುಂಬಬಹುದು.

ಅಷ್ಟು ಚಿಕ್ಕ ಕಾಲುವೆಯಲ್ಲಿ ನೀರಿನ ಸ್ವಭಾವವೇ ಬೇರೆ. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರುವುದನ್ನು ನೀವೆಲ್ಲ ನೋಡಿದ್ದೀರಿ. ಸುಳಿ ಎದ್ದು, ಸ್ವಲ್ಪ ದೂರ ಹೋಗುವಷ್ಟರಲ್ಲಿ ಯಾವ ನೀರು ಯಾವುದೆಂದು ಗೊತ್ತಾಗುವುದಿಲ್ಲ. ನಮ್ಮ ಕಾಲುವೆಯಲ್ಲಿ ಸುಳಿ ಏಳುವುದೇ ಇಲ್ಲ. ಕೆಂಪು ನೀರು, ನೀಲಿ ನೀರು ಒಂದೇ ಕಾಲುವೆಗೆ ಬಿಟ್ಟರೆ ಕೊನೆಯವರೆಗೂ ಅಕ್ಕಪಕ್ಕದಲ್ಲೇ ಹೋಗುತ್ತವೆ. ನಡುವೆ ಗೆರೆ ಎಳೆದ ಹಾಗೆ. ಇದನ್ನು ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದ ದಿನ ನಾನು ಊಟಕ್ಕೆ ಏಳಲಿಲ್ಲ.

ಇಂಥ ಸಾಧನ ನಿಮ್ಮ ಕೈಯಲ್ಲಿ ಈಗಾಗಲೇ ಇದೆ. ಬಸಿರು ತಿಳಿಯಲು ಆಶಾ ಅಕ್ಕಂದಿರು ಹಂಚುವ ನಿಶ್ಚಯ್ ಕಿಟ್ ಅದೇ. ಅದರೊಳಗಿನ ಪಟ್ಟಿಯಲ್ಲಿ ಲಕ್ಷಾಂತರ ಸಣ್ಣ ರಂಧ್ರಗಳಿವೆ. ಒಂದೊಂದೂ ಒಂದು ಕಾಲುವೆ. ಪಂಪು ಬೇಡ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ, ಒದ್ದೆ ನೆಲಕ್ಕೆ ತಾಗಿದ ಪಂಚೆಯ ಅಂಚು ತಾನೇ ನೀರು ಹೀರುವ ಹಾಗೆ, ದ್ರವ ಹರಿಯುತ್ತದೆ. ದಾರಿಯಲ್ಲಿ ಚಿನ್ನದ ಅತಿ ಸಣ್ಣ ಕಣಗಳಿಗೆ ಕಟ್ಟಿದ ಆಂಟಿಬಾಡಿಗಳು ಕಾದಿರುತ್ತವೆ. ಅವು ಹಾರ್ಮೋನನ್ನು ಹಿಡಿದು ಮುಂದೆ ಸಾಗಿ ಗೆರೆಯ ಹತ್ತಿರ ಸಿಕ್ಕಿಕೊಳ್ಳುತ್ತವೆ. ಚಿನ್ನ ಅಷ್ಟು ಸಣ್ಣದಾದಾಗ ಕೆಂಪಗೆ ಕಾಣುತ್ತದೆ. ನೀವು ನೋಡುವ ಕೆಂಪು ಗೆರೆ ಅದೇ.

ಹಾಗಾದರೆ ಎಲ್ಲಕ್ಕೂ ಪಟ್ಟಿಯೇ ಸಾಕಲ್ಲ ಎನ್ನಬಹುದು. ಎಷ್ಟೋ ರೋಗಕ್ಕೆ ಸಾಕು. ಆದರೆ ಪಟ್ಟಿ ಹೌದು, ಇಲ್ಲ ಎನ್ನುತ್ತದೆ. ಎಷ್ಟು ಎಂದು ಹೇಳುವುದು ಅದಕ್ಕೆ ಕಷ್ಟ. ಎಲೈಸಾದ ಹಾಗೆ ಹಂತ ಹಂತವಾಗಿ ತೊಳೆದು, ಬಣ್ಣ ಹೆಚ್ಚಿಸಿ ನೋಡುವುದೂ ಅದರಲ್ಲಿ ಸುಲಭವಲ್ಲ. ಹಾಗಾಗಿ ತೀರಾ ಕಡಿಮೆ ಇರುವ ವಿಷ ತಪ್ಪಿಹೋಗಬಹುದು. ಅಲ್ಲಿ ಚಿಪ್ ಬೇಕು, ಅಂದರೆ ಆಗ ಹೇಳಿದ ಕೂದಲೆಳೆಯ ಕಾಲುವೆಗಳಿರುವ ಸಣ್ಣ ಬಿಲ್ಲೆ.

ಲ್ಯಾಬಿನಲ್ಲಿ ಚಿಪ್ ಮಾಡುವುದನ್ನು ನೋಡಿದರೆ ಅಡುಗೆ ಮನೆ ನೆನಪಾಗುತ್ತದೆ. ಪಿಡಿಎಂಎಸ್ ಎಂಬ ಸಿಲಿಕೋನ್ ಅಂಟನ್ನು ಗಟ್ಟಿ ಮಾಡುವ ಮದ್ದಿನ ಜೊತೆ ಹತ್ತಕ್ಕೆ ಒಂದರಂತೆ ಕಲಸುತ್ತೇವೆ. ಕಾಲುವೆಯ ಗೆರೆಗಳು ಉಬ್ಬಾಗಿರುವ ಅಚ್ಚಿನ ಮೇಲೆ ಹುಯ್ಯುತ್ತೇವೆ, ತಟ್ಟೆಗೆ ಕೊಬ್ಬರಿ ಮಿಠಾಯಿ ಹುಯ್ದ ಹಾಗೆ. ಒಲೆಯಲ್ಲಿ ಬಿಸಿ ಮಾಡಿ, ಸುಲಿದು, ಗಾಜಿಗೆ ಅಂಟಿಸಿದರೆ ಆಯಿತು. ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ 1990ರ ದಶಕದಲ್ಲಿ ಈ ವಿಧಾನವನ್ನು ಎಲ್ಲರ ಕೈಗೆಟುಕುವ ಹಾಗೆ ಮಾಡಿತು. 2007ರಲ್ಲಿ ಅದೇ ತಂಡ ಬರೀ ಕಾಗದದ ಮೇಲೆ ನೀರು ಹೀರದ ಗೋಡೆಗಳನ್ನು ಎಳೆದು ಕಾಲುವೆ ಮಾಡಿ ತೋರಿಸಿತು.

ಚಿಪ್ ಮಾಡುವುದು ಸುಲಭ. ಅದರಲ್ಲಿ ರಕ್ತ ಹರಿಸುವುದು ಸುಲಭವಲ್ಲ. ನಾನು ಲ್ಯಾಬಿಗೆ ಸೇರಿದ ಹೊಸದರಲ್ಲಿ ಎರಡು ವಾರ ನನ್ನ ಒಂದು ಚಿಪ್ಪೂ ಸರಿಯಾಗಿ ಕೆಲಸ ಮಾಡಲಿಲ್ಲ. ಕಾರಣ ಗಾಳಿಗುಳ್ಳೆ. ಕೂದಲಷ್ಟು ಕಾಲುವೆಯಲ್ಲಿ ಒಂದು ಗುಳ್ಳೆ ಸೇರಿದರೆ ಬಾಟಲಿಗೆ ಬಿರಡೆ ಹಾಕಿದ ಹಾಗೆ. ಗುಳ್ಳೆ ಹೋಯಿತು ಎನ್ನುವಾಗ ಇನ್ನೊಂದು ತೊಂದರೆ. ಕಾಲುವೆ ಚಿಕ್ಕದಾದಷ್ಟೂ ಅದರೊಳಗಿನ ನೀರಿಗೆ ಹೋಲಿಸಿದರೆ ಗೋಡೆ ಜಾಸ್ತಿ. ರಕ್ತದಲ್ಲಿರುವ ನೂರಾರು ಪ್ರೋಟೀನುಗಳು ಗೋಡೆಗೆ ಸುಮ್ನೆ ಅಂಟಿಕೊಳ್ಳುತ್ತವೆ, ನಮಗೆ ಬೇಕಾದದ್ದೂ ಬೇಡವಾದದ್ದೂ. ಇದಕ್ಕೆ ಮದ್ದೇನು ಗೊತ್ತಾ? ಹಾಲಿನ ಪುಡಿ. ನಿಜವಾಗಿಯೂ. ಹಾಲಿನ ಪ್ರೋಟೀನನ್ನು ಮೊದಲೇ ಹರಿಸಿ ಗೋಡೆಯ ಖಾಲಿ ಜಾಗವೆಲ್ಲ ತುಂಬಿಸಿಬಿಡುತ್ತೇವೆ. ಗೋಡೆಯ ಈ ಮಹಿಮೆ ಆ ಗಾಜಿನ ಟ್ಯೂಬಿನಲ್ಲೂ ಇದೆ. ಗಾಜು ತಾಗಿದ್ದರಿಂದಲೇ ರಕ್ತಕ್ಕೆ ಹೆಪ್ಪುಗಟ್ಟುವ ಪ್ರೇರಣೆ ಸಿಗುವುದು. ಸೋಪಿನಲ್ಲಿ ತೊಳೆದ ಹಳೆಯ ಟ್ಯೂಬಾದರೆ, ಪ್ಲಾಸ್ಟಿಕ್ ಟ್ಯೂಬಾದರೆ, ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ವೈದ್ಯರನ್ನು ದಾರಿ ತಪ್ಪಿಸಬಹುದು. ಹೊಸ, ಒಣಗಿದ, ಗಾಜಿನ ಟ್ಯೂಬೇ ಬೇಕು ಎನ್ನುವುದು ಅದಕ್ಕೇ.

ಗಾಳಿಗುಳ್ಳೆಯ ಮೇಲೆ ಅಷ್ಟು ಸಿಟ್ಟಾಗಿದ್ದ ನನಗೆ ಒಂದು ಕೆಲಸದ ಬಗ್ಗೆ ಓದಿ ಬೆರಗಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಯಾಮುಯೆಲ್ ಸಿಯಾ ಅವರ ತಂಡದ್ದು. 2011ರಲ್ಲಿ ಪ್ರಕಟವಾಯಿತು. ಎಚ್‌ಐವಿ ಮತ್ತು ಸಿಫಿಲಿಸ್ ಆಂಟಿಬಾಡಿಗಳನ್ನು ಒಟ್ಟಿಗೆ ಹುಡುಕುವ ಪ್ಲಾಸ್ಟಿಕ್ ಚಿಪ್. ಪರೀಕ್ಷೆ ಮಾಡಿದ್ದು ಆಫ್ರಿಕಾದ ರುವಾಂಡಾದಲ್ಲಿ. ಅವರ ಮುಂದಿದ್ದ ಪ್ರಶ್ನೆ ಇದು: ಎಲೈಸಾದಲ್ಲಿ ಒಂದಾದ ಮೇಲೊಂದು ಹಾಕುವ ಮದ್ದುಗಳನ್ನು, ನಡುನಡುವೆ ತೊಳೆಯುವ ನೀರನ್ನು, ಪಂಪು ಕವಾಟಗಳಿಲ್ಲದೆ ಸರದಿಯಲ್ಲಿ ಕಳಿಸುವುದು ಹೇಗೆ? ಅವರು ಒಂದು ಸಣ್ಣ ನಳಿಕೆಯಲ್ಲಿ ಎಲ್ಲವನ್ನೂ ಸಾಲಾಗಿ ತುಂಬಿದರು. ಒಂದು ಮದ್ದು, ಒಂದು ಗಾಳಿಗುಳ್ಳೆ, ತೊಳೆಯುವ ನೀರು, ಮತ್ತೊಂದು ಗುಳ್ಳೆ, ಮುಂದಿನ ಮದ್ದು. ರೈಲಿನ ಬೋಗಿಗಳ ಹಾಗೆ. ಗುಳ್ಳೆ ಇರುವುದರಿಂದ ಒಂದರೊಳಗೊಂದು ಬೆರೆಯುವುದಿಲ್ಲ. ಇನ್ನೊಂದು ತುದಿಯಿಂದ ಸಿರಿಂಜಿನಲ್ಲಿ ಎಳೆದರೆ ಇಡೀ ರೈಲು ತಾನೇ ಸರದಿಯಲ್ಲಿ ಹಾದುಹೋಗುತ್ತದೆ. ನಾನು ಎರಡು ವಾರ ಓಡಿಸಲು ನೋಡಿದ ಗುಳ್ಳೆಯನ್ನೇ ಅವರು ಗೋಡೆಯಾಗಿ ನಿಲ್ಲಿಸಿದ್ದರು.

ಫಲಿತಾಂಶ ಓದುವುದಕ್ಕೆ ಚಿನ್ನದ ಕಣದ ಮೇಲೆ ಬೆಳ್ಳಿ ಕೂರಿಸಿದರು. ಆಂಟಿಬಾಡಿ ಇದ್ದ ಕಡೆ ಬೆಳ್ಳಿಯ ಪದರ ಕಟ್ಟುತ್ತದೆ, ಬೆಳಕು ದಾಟುವುದಿಲ್ಲ. ಒಂದು ಎಲ್‌ಇಡಿ, ಬೆಳಕು ಅಳೆಯುವ ಒಂದು ಸಣ್ಣ ಬಿಡಿಭಾಗ, ಅಷ್ಟೇ ಸಾಕು. 2015ರಲ್ಲಿ ಇದನ್ನು ಮೊಬೈಲಿನ ಇಯರ್‌ಫೋನ್ ತೂತಿಗೆ ಸಿಕ್ಕಿಸುವ ಸಾಧನವಾಗಿ ಮಾಡಿದರು. ತಯಾರಿಕೆಯ ಖರ್ಚು 34 ಡಾಲರ್. ಎಳೆಯುವ ಶಕ್ತಿಗೆ ಕರೆಂಟಿನ ಬದಲು ಕೈಯಿಂದ ಒತ್ತುವ ಗುಂಡಿ. ರುವಾಂಡಾದ ಆರೋಗ್ಯ ಕಾರ್ಯಕರ್ತರು 30 ನಿಮಿಷದಲ್ಲಿ ಕಲಿತರು. 96 ಜನರ ಬೆರಳು ಚುಚ್ಚಿ ಪರೀಕ್ಷಿಸಿದರು. 15 ನಿಮಿಷಕ್ಕೆ ಉತ್ತರ.

ಇಲ್ಲಿ ಒಂದು ಅಂಕಿಯನ್ನು ಮುಚ್ಚಿಡಬಾರದು. ಆ ಸಾಧನ ಹುಡುಕಿದ್ದು ಮೂರು ಬಗೆಯ ಆಂಟಿಬಾಡಿ, ಎಚ್‌ಐವಿಯದು ಒಂದು, ಸಿಫಿಲಿಸ್‌ನದು ಎರಡು. ರೋಗ ಇದ್ದವರಲ್ಲಿ 92ರಿಂದ 100 ಪ್ರತಿಶತ ಜನರನ್ನು ಅದು ಸರಿಯಾಗಿ ಗುರುತಿಸಿತು. ಇಲ್ಲದವರನ್ನು ಇಲ್ಲ ಎಂದು ಹೇಳಿದ್ದು 79ರಿಂದ 100 ಪ್ರತಿಶತ. ಅಂದರೆ ಮೂರರಲ್ಲಿ ಒಂದರಲ್ಲಿ, ರೋಗವಿಲ್ಲದ ನೂರು ಜನರಲ್ಲಿ ಸುಮಾರು 21 ಜನರಿಗೆ ಇದೆ ಎಂದು ಬರಬಹುದು. ಹಾಗಾದರೆ ಪ್ರಯೋಜನವಿಲ್ಲವೇ? ಇದೆ. ಅಲ್ಲಿಗೆ ಬಂದವರಲ್ಲಿ ಗರ್ಭಿಣಿಯರಿದ್ದರು. ಸಿಫಿಲಿಸ್ ಇದ್ದರೆ ಪೆನ್ಸಿಲಿನ್ ಕೊಟ್ಟು ಮಗುವನ್ನು ಉಳಿಸಬಹುದು. ವರದಿ ಬರುವ ಹೊತ್ತಿಗೆ ತಾಯಿ ಮರಳಿ ಬರದಿದ್ದರೆ ಎಷ್ಟು ನಿಖರವಾದ ವರದಿಯಿದ್ದೂ ಏನು ಬಂತು? ನನ್ನ ಚಿಕ್ಕಮ್ಮನಿಗೆ ಹಿಂದೊಮ್ಮೆ ಜ್ವರ ಬಂದಾಗ ರಕ್ತವನ್ನು ದೂರದ ಲ್ಯಾಬಿಗೆ ಕಳಿಸಿದ್ದರು. ವರದಿ ಬಂದದ್ದು ಜ್ವರ ಬಿಟ್ಟ ಮೇಲೆ. ವರದಿಯಲ್ಲಿ ತಪ್ಪಿರಲಿಲ್ಲ. ಅದರಿಂದ ಯಾರೂ ಏನೂ ಮಾಡುವಂತಿರಲಿಲ್ಲ ಅಷ್ಟೇ.

ವಿಷದ ವಿಷಯಕ್ಕೆ ಬರೋಣ. ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದವರು ಬಾಟುಲಿನಮ್, ರೈಸಿನ್ ಥರದ ವಿಷಗಳಿಗೆಂದು ಸಿಡಿ ಆಕಾರದ ಒಂದು ತಟ್ಟೆ ಮಾಡಿದ್ದಾರೆ. ಅದರ ಹೆಸರು ಸ್ಪಿನ್‌ಡಿಎಕ್ಸ್. ರೈಸಿನ್ ಹರಳು ಬೀಜದಲ್ಲಿರುವ ವಿಷ. ಅಕ್ಕಿ ತೊಳೆಯುವಾಗ ಕಲ್ಲು ತಳಕ್ಕಿಳಿದು ಹೊಟ್ಟು ಮೇಲೆ ತೇಲುತ್ತದಲ್ಲ, ಇದೂ ಹಾಗೆ. ಆಂಟಿಬಾಡಿ ಅಂಟಿಸಿದ ಸಣ್ಣ ಮಣಿಗಳನ್ನು ರಕ್ತದ ಜೊತೆ ಬೆರೆಸುತ್ತಾರೆ. ಮಣಿಗಳು ವಿಷವನ್ನು ಹಿಡಿಯುತ್ತವೆ. ತಟ್ಟೆ ತಿರುಗಿದಾಗ ಮಣಿಗಳು ಒಂದು ದಪ್ಪ ದ್ರವವನ್ನು ಸೀಳಿಕೊಂಡು ಅಂಚಿಗೆ ಹೋಗಿ ಕೂರುತ್ತವೆ. ರಕ್ತಕಣ ಮತ್ತು ಉಳಿದ ಕಸ ಆ ದ್ರವವನ್ನು ದಾಟಲಾರದೆ ಹಿಂದೆಯೇ ನಿಲ್ಲುತ್ತವೆ. ತೊಳೆಯುವ ಹಂತವೇ ಇಲ್ಲ. ಅಂಚಿನಲ್ಲಿ ಕೂತ ಮಣಿಗಳು ಎಷ್ಟು ಹೊಳೆಯುತ್ತವೆ ಎಂದು ಅಳೆದರೆ ವಿಷ ಎಷ್ಟಿದೆ ಎಂದು ತಿಳಿಯುತ್ತದೆ. ನನಗೆ ಈ ಉಪಾಯ ಬಹಳ ಇಷ್ಟ. ತಿರುಗಿಸಲು ಕರೆಂಟು ಬೇಕಲ್ಲ ಎಂದು ಕೇಳಬಹುದು. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಅವರ ತಂಡ 2017ರಲ್ಲಿ ಅದಕ್ಕೂ ದಾರಿ ತೋರಿಸಿತು. ಗುಂಡಿಗೆ ದಾರ ಪೋಣಿಸಿ ಎಳೆದು ಬಿಟ್ಟು ತಿರುಗಿಸುವ ಆಟಿಕೆ ಇದೆಯಲ್ಲ, ಅದೇ ಮಾದರಿ. ಕಾಗದದ ಬಿಲ್ಲೆ, 20 ಸೆಂಟ್ ಖರ್ಚು, ನಿಮಿಷಕ್ಕೆ 1,25,000 ಸುತ್ತು. ಒಂದೂವರೆ ನಿಮಿಷದಲ್ಲಿ ರಕ್ತದಿಂದ ಪ್ಲಾಸ್ಮಾ, ಅಂದರೆ ರಕ್ತಕಣಗಳಿಲ್ಲದ ದ್ರವ, ಬೇರೆಯಾಗುತ್ತದೆ.

ಬೆಂಗಳೂರಿನಲ್ಲೂ ಕೆಲಸ ನಡೆದಿದೆ. ಅಚಿರಾ ಲ್ಯಾಬ್ಸ್ ಕಂಪನಿಯ ಧನಂಜಯ ದೆಂಡುಕುರಿ ಮತ್ತು ಜೊತೆಗಾರರು 2011ರಲ್ಲಿ ರೇಷ್ಮೆ ಬಟ್ಟೆಯ ಚಿಪ್ ಪ್ರಕಟಿಸಿದರು. ರೇಷ್ಮೆ ನೂಲಿಗೆ ಆಂಟಿಬಾಡಿಯ ದ್ರಾವಣ ಹಚ್ಚಿ ಒಣಗಿಸುತ್ತಾರೆ. ಆ ನೂಲನ್ನು ಕೈಮಗ್ಗದಲ್ಲಿ ನೇಯುತ್ತಾರೆ. ಯಾವ ನೂಲು ಎಲ್ಲಿ ಬರಬೇಕೆಂದು ನೇಕಾರರಿಗೆ ಗೊತ್ತು, ಸೀರೆಗೆ ಅಂಚು ಹಾಕಿದ ಹಾಗೆ. ನೇಯ್ದ ಬಟ್ಟೆಯನ್ನು ಕತ್ತರಿಸಿದರೆ ಒಂದೊಂದು ತುಂಡೂ ಒಂದೊಂದು ಪರೀಕ್ಷೆ. ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿಯಲ್ಲಿ ನವಕಾಂತ ಭಟ್ ಮತ್ತು ಸಂಗಡಿಗರು ಕಟ್ಟಿದ ಪಾತ್‌ಶೋಧ್ ಕಂಪನಿ 2021ರಲ್ಲಿ ಕೋವಿಡ್ ಆಂಟಿಬಾಡಿಯನ್ನು ಬಣ್ಣದ ಬದಲು ವಿದ್ಯುತ್ ಸಂಕೇತದಿಂದ ಅಳೆಯುವ ಪರೀಕ್ಷೆ ತಂದಿತು. ಕೈಯಲ್ಲಿ ಹಿಡಿಯುವ ಯಂತ್ರ, ಬೆರಳಿನ ರಕ್ತ.

ಇಷ್ಟೆಲ್ಲಾ ಇದ್ದೂ ಹಾವಿನ ವಿಷಕ್ಕೆ ಯಾಕೆ ನಾವಿನ್ನೂ ಗಾಜಿನ ಟ್ಯೂಬನ್ನೇ ನೋಡುತ್ತಾ ಕೂರುತ್ತೇವೆ? ಆಸ್ಟ್ರೇಲಿಯಾದಲ್ಲಿ ಅರ್ಧ ಗಂಟೆಯೊಳಗೆ ಉತ್ತರ ಕೊಡುವ ಕಿಟ್ ದಶಕಗಳಿಂದ ಇದೆ. ಅಲ್ಲಿ ಐದು ಗುಂಪಿನ ಹಾವುಗಳಿಗೆ ಬೇರೆ ಬೇರೆ ಮದ್ದು. ಯಾವ ಗುಂಪು ಎಂದು ತಿಳಿಯಲು ಕಿಟ್ ಬಳಸುತ್ತಾರೆ. ನಮ್ಮಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಎಎಸ್‌ವಿ. ಹಾಗಾದರೆ ಯಾವ ಹಾವೆಂದು ಯಾಕೆ ತಿಳಿಯಬೇಕು ಎಂದು ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಎಷ್ಟೋ ಕಡಿತಗಳಲ್ಲಿ ಹಾವು ವಿಷ ಬಿಟ್ಟಿರುವುದೇ ಇಲ್ಲ. ಎಎಸ್‌ವಿ ಕುದುರೆಯ ರಕ್ತದಿಂದ ಮಾಡಿದ್ದು. ಕೆಲವರ ಮೈಗೆ ಅದು ತೀವ್ರವಾಗಿ ಒಗ್ಗುವುದಿಲ್ಲ. ಬೇಡದವರಿಗೆ ಕೊಡಬಾರದು. ಅತ್ತ ಕಟ್ಟುಹಾವು ಕಚ್ಚಿದ ಗುರುತೇ ಇಲ್ಲದೆ ಹೊಟ್ಟೆನೋವು ಎಂದು ಬಂದವರಿಗೆ ಕೊಡುವುದು ತಡವಾಗಬಾರದು. ಇನ್ನು ಪಶ್ಚಿಮ ಘಟ್ಟದ ಹಂಪ್‌ನೋಸ್ಡ್ ಪಿಟ್ ವೈಪರ್ ಎಂಬ ವಿಷದ ಹಾವು ಈ ನಾಲ್ಕರ ಪಟ್ಟಿಯಲ್ಲೇ ಇಲ್ಲ. ಅದಕ್ಕೆ ಈ ಮದ್ದು ನಾಟುವುದಿಲ್ಲ.

ಕಷ್ಟ ಇರುವುದು ಕಾಲುವೆಯಲ್ಲಲ್ಲ, ಗಾಳದಲ್ಲಿ. ಒಂದೇ ಜಾತಿಯ ಹಾವಿನ ವಿಷ ಊರಿಂದ ಊರಿಗೆ ಬೇರೆ ಇರುತ್ತದೆ. ಐಐಎಸ್‌ಸಿಯ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ಇದನ್ನು ಮತ್ತೆ ಮತ್ತೆ ತೋರಿಸಿದೆ. ಎಎಸ್‌ವಿಗೆ ಬೇಕಾದ ವಿಷ ಹೆಚ್ಚಾಗಿ ಬರುವುದು ಚೆನ್ನೈ ಹತ್ತಿರದ, ಹಾವು ಹಿಡಿಯುವ ಇರುಳ ಸಮುದಾಯದವರ ಸಹಕಾರ ಸಂಘದಿಂದ. ಅಲ್ಲಿನ ಹಾವಿನ ವಿಷ ಹಿಡಿಯಲು ಕಲಿತ ಆಂಟಿಬಾಡಿ ನಮ್ಮ ಕಡೆಯ ಹಾವಿನ ವಿಷವನ್ನು ಅಷ್ಟೇ ಗಟ್ಟಿಯಾಗಿ ಹಿಡಿಯುತ್ತದೆ ಎಂದು ಹೇಳಲಾಗದು. ನಮ್ಮ ಚಿಪ್‌ಗೆ ನಮ್ಮ ನೆಲದ ಹಾವುಗಳ ವಿಷದ ಮೇಲೆ ಪರೀಕ್ಷಿಸಿದ ಆಂಟಿಬಾಡಿ ಬೇಕು. ಮಳೆಗಾಲದ ಥಂಡಿಯಲ್ಲಿ, ಫ್ರಿಜ್ಜಿಲ್ಲದ ಉಪಕೇಂದ್ರದ ಕಪಾಟಿನಲ್ಲಿ ಆರು ತಿಂಗಳು ಅದು ಕೆಡದೆ ಇರಬೇಕು. ಸಕ್ಕರೆಯಂಥ ವಸ್ತುವಿನ ಜೊತೆ ಒಣಗಿಸಿಟ್ಟರೆ ಬಾಳಿಕೆ ಬರುತ್ತದೆ. ಆದರೆ ಪೊಟ್ಟಣ ಒಮ್ಮೆ ಬಿಚ್ಚಿದರೆ ನಮ್ಮ ಆಷಾಢದ ಗಾಳಿ ಅದನ್ನು ಬಿಡುವುದಿಲ್ಲ.

ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತರು ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಇದು ಬಹಳ ಮುಖ್ಯವಾದ ಹೆಜ್ಜೆ. ಎಲ್ಲಿ, ಯಾವಾಗ, ಎಷ್ಟು ಜನ ಎಂದು ಗೊತ್ತಾದರೆ ತಾನೇ ಎಲ್ಲಿಯ ಹಾವಿನ ವಿಷಕ್ಕೆ ಮೊದಲು ಗಾಳ ಮಾಡಬೇಕೆಂದು ತಿಳಿಯುವುದು.

ನನ್ನ ಮಾತು ಇಷ್ಟು. ಈಗ ನಿಮ್ಮ ಪ್ರಶ್ನೆಗಳು.

ಪಿಯುಸಿ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಅಕ್ಕಾ, ಕಾಲುವೆ ಚಿಕ್ಕದಾದಷ್ಟೂ ಬೇಗ ಆಗುತ್ತೆ ಅಂದ್ರಿ. ಹಾಗಾದ್ರೆ ಇನ್ನೂ ಚಿಕ್ಕದು ಮಾಡಬಹುದಲ್ವಾ?"

ಒಳ್ಳೆಯ ಪ್ರಶ್ನೆ. ಎರಡು ತಡೆ ಇದೆ ಪುಟ್ಟಿ. ನಳಿಕೆಯ ಅಗಲ ಅರ್ಧ ಮಾಡಿದರೆ ಅಷ್ಟೇ ದ್ರವ ಹರಿಸಲು 16 ಪಟ್ಟು ಒತ್ತಡ ಬೇಕು. ಇನ್ನೊಂದು ಎಣಿಕೆಯದು. ರಕ್ತದಲ್ಲಿ ವಿಷ ತೀರಾ ಕಡಿಮೆ ಇದೆ, 1 ಮೈಕ್ರೋಲೀಟರಿನಲ್ಲಿ 600 ಅಣು ಇದೆ ಎಂದುಕೋ. 0.1 ಮೈಕ್ರೋಲೀಟರ್ ತೆಗೆದರೆ 60. ಅದರ ನೂರನೇ ಪಾಲು ತೆಗೆದರೆ ಒಂದೂ ಸಿಗದೆ ಹೋಗಬಹುದು. ಇಲ್ಲದ್ದನ್ನು ಯಾವ ಚಿಪ್ಪೂ ಹಿಡಿಯುವುದಿಲ್ಲ. ಅದಕ್ಕೇ ಕಾಲುವೆ ಚಿಕ್ಕದಿರಲಿ, ಆದರೆ ಅದರಲ್ಲಿ ಹರಿಯುವ ರಕ್ತ ಸಾಕಷ್ಟಿರಲಿ ಎಂದು ನೋಡಿಕೊಳ್ಳುತ್ತೇವೆ.

ಆಶಾ ಕಾರ್ಯಕರ್ತೆಯೊಬ್ಬರ ಪ್ರಶ್ನೆ: "ಮೇಡಂ, ಕಿಟ್‌ನಲ್ಲಿ ಎರಡನೇ ಗೆರೆ ಮಸುಕಾಗಿ ಬಂದ್ರೆ ಏನಂತ ಬರೀಬೇಕು?"

ಪೊಟ್ಟಣದ ಮೇಲೆ ಹೇಳಿದ ಸಮಯದೊಳಗೆ ಬಂದರೆ ಮಸುಕಾದರೂ ಗೆರೆ ಗೆರೆಯೇ. ಪಾಸಿಟಿವ್ ಎಂದು ಬರೆದು ವೈದ್ಯರಿಗೆ ತೋರಿಸಿ. ಸಮಯ ಮೀರಿ, ಒಣಗಿದ ಮೇಲೆ ಕಾಣಿಸಿದ ನೆರಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹೊಸ ಕಿಟ್‌ನಲ್ಲಿ ಮತ್ತೆ ಮಾಡಿ. ಮೊದಲ ಗೆರೆಯೇ ಬರದಿದ್ದರೆ ಕಿಟ್ ಕೆಟ್ಟಿದೆ ಎಂದು ಅರ್ಥ. ಚಿಪ್‌ನಲ್ಲಿ ಕಣ್ಣಿನ ಬದಲು ಬೆಳಕಿನ ಅಳತೆ ಇರುವುದು ನಿಮ್ಮ ಈ ಕಷ್ಟ ತಪ್ಪಿಸಲಿಕ್ಕೇ.

ಹಿಂದಿನ ಸಾಲಿನಿಂದ ಅಡಿಕೆ ತೋಟದ ಹಿರಿಯರೊಬ್ಬರು: "ತಂಗೀ, ಇದೆಲ್ಲ ನಮ್ಮೂರ ಆಸ್ಪತ್ರೆಗೆ ಬರುವವರೆಗೆ ನಾವೇನು ಮಾಡೋದು?"

ಕಚ್ಚಿದ ಜಾಗ ಕೊಯ್ಯಬೇಡಿ. ಹಗ್ಗ, ಬಟ್ಟೆ ಬಿಗಿದು ಕಟ್ಟಬೇಡಿ. ಬಾಯಿಂದ ಹೀರಬೇಡಿ. ಉಂಗುರ, ಬಳೆ, ಕಾಲುಂಗುರ ಬಿಚ್ಚಿ, ಆಮೇಲೆ ಊದಿಕೊಳ್ಳುತ್ತದೆ. ಕೈಯೋ ಕಾಲೋ ಅಲ್ಲಾಡದ ಹಾಗೆ ಒಂದು ಪಟ್ಟಿ ಇಟ್ಟು ಸಡಿಲವಾಗಿ ಸುತ್ತಿ. ನಡೆಸಬೇಡಿ. ಹಾವನ್ನು ಹುಡುಕಿಕೊಂಡು ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಎಎಸ್‌ವಿ ಇರುವ ಆಸ್ಪತ್ರೆಗೆ ಹೋಗಿ. ಇನ್ನೊಂದು ಕೆಲಸ ಮಾಡಿ. ಕಚ್ಚಿದಾಗ ಗಂಟೆ ಎಷ್ಟಾಗಿತ್ತು ಎಂದು ಅವರ ಕೈ ಮೇಲೆ ಪೆನ್ನಿನಲ್ಲಿ ಬರೆಯಿರಿ. ನನ್ನ ಮಾವನನ್ನು ಕರೆದುಕೊಂಡು ಹೋದಾಗ ವೈದ್ಯರು ಮೊದಲು ಕೇಳಿದ್ದು ಅದನ್ನೇ. ನಮ್ಮಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ.